ಬೆನ್ನು ತಿರುಗಿಸಿ ಹೊಸೆದ ಹಗ್ಗ

ನೀವೆಲ್ಲ ಬತ್ತಿ ಹೊಸೆದವರು, ದಾರ ಹೊಸೆದವರು, ಹಗ್ಗ ಹೊಸೆದವರು. ಹೊಸೆಯುವುದು ಅಂದರೇನು, ಹೇಳಿ ನೋಡೋಣ? ಪಕ್ಕಪಕ್ಕ ಇಟ್ಟರೆ ಹೊಸೆದ ಹಾಗಾಯಿತೇ? ಗಂಟು ಹಾಕಿದರೆ ಹೊಸೆದ ಹಾಗಾಯಿತೇ? ಇಲ್ಲ. ಎಳೆಗೆ ಎಳೆ ಸುತ್ತಿಕೊಂಡು, ಯಾವುದು ಯಾವುದೆಂದು ತಿಳಿಯದಷ್ಟು ಬಿಗಿಯಬೇಕು. ಅದು ಹೊಸೆಯುವುದು.

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ ಅಂತಿಟ್ಟುಕೊಳ್ಳಿ. ಅವನಿಗೆ ಇಬ್ಬರು ಗಂಡುಮಕ್ಕಳು. ಹಿತ್ತಲ ನುಗ್ಗೆಮರ ಯಾರದು ಅಂತ ಜಗಳವಾಡಿ ಮಾತು ಬಿಟ್ಟಿದ್ದರು. ನೋಡಿ, ನುಗ್ಗೆಮರಕ್ಕೆ!

ಒಂದು ಬೆಳಿಗ್ಗೆ ಮನೆಯ ಗಬ್ಬದ ಎಮ್ಮೆ ಹಾಳುಬಾವಿಗೆ ಬಿತ್ತು. ತೀರಿಹೋದ ಹೆಂಡತಿ ಕೈಯಾರೆ ಸಾಕಿದ ಎಮ್ಮೆ. ಸಾಹುಕಾರನಿಗೆ ಜೀವವೇ ಹೋದಂತಾಯಿತು. ಇದ್ದ ಹಗ್ಗ ಲಡ್ಡಾಗಿತ್ತು, ಎಳೆದರೆ ಕಿತ್ತುಬಂತು. "ಪುಂಡಿನಾರು ತನ್ನಿ, ಬೇಗ ಹೊಸೀರಿ!" ಅಂತ ಕೂಗಿದ.

ಆ ಕ್ರಮ ನಿಮಗೆ ಗೊತ್ತಲ್ಲ? ನಾರಿನ ಎರಡು ತುದಿಗೆ ಇಬ್ಬರು, ಎದುರುಬದುರು. ಇಬ್ಬರೂ ತುದಿಗೆ ಕಟ್ಟಿದ ಕೋಲನ್ನು ತಮ್ಮ ತಮ್ಮ ಬಲಕ್ಕೆ ತಿರುವಬೇಕು. ಆಗ ಒಬ್ಬನ ತಿರುವಿಗೆ ಇನ್ನೊಬ್ಬನದು ಎದುರಾಗಿ ನಾರಿಗೆ ಹುರಿ ಏರುತ್ತದೆ. ಆದರೆ ಚಿಕ್ಕವನಿಗೆ ಅಣ್ಣನ ಮುಖ ನೋಡುವುದೇ ಬೇಡ. ನಾರನ್ನು ಹೆಗಲ ಮೇಲಿಂದ ಮುಂದಕ್ಕೆ ತಂದುಕೊಂಡು, ಬೆನ್ನು ಹಾಕಿ ನಿಂತು, ಬಲಕ್ಕೇ ತಿರುವಿದ. ಏನಾದೀತು? ಇಬ್ಬರ ತಿರುವೂ ಒಂದೇ ಕಡೆಗಾಗಿ ನಾರು ಸುಮ್ಮನೆ ಉರುಳಿತು. ಹುರಿ ಏರಲೇ ಇಲ್ಲ.

"ಅಪ್ಪಾ, ಬಿಗಿಯಾಗಿ ತಿರುವು ಅಂತ ಅವನಿಗೆ ಹೇಳು," ಅಂದ ದೊಡ್ಡವನು.

"ಅಪ್ಪಾ, ತಿಂದ ಅನ್ನ ಎಲ್ಲಿಗೆ ಹೋಯ್ತು ಅಂತ ಅವನನ್ನೇ ಕೇಳು," ಅಂದ ಚಿಕ್ಕವನು.

ಸಾಹುಕಾರನಿಗೆ ರೇಗಿಹೋಯಿತು. "ನಾನೇನು ನಿಮ್ಮ ಡಂಗುರದವನೇನ್ರೋ? ನಿನಗೆ ಬಾಯಿಲ್ವ? ಅವನಿಗೆ ಕಿವಿಯಿಲ್ವ? ಅಲ್ಲಿ ಎಮ್ಮೆ ಮುಳುಗ್ತಾ ಇದೆ ಕಣ್ರೋ! ತಿರುಗೋ ಮುಟ್ಠಾಳ, ಅಣ್ಣನ ಕಡೆ ತಿರುಗು!"

ಬಾವಿಯೊಳಗಿನ ಕೂಗು ಸಣ್ಣದಾಯಿತು. ಚಿಕ್ಕವನು ತಿರುಗಿದ. ಅಷ್ಟೇ ಮಾಡಿದ್ದು! ಕೈ ಅದೇ, ಕೋಲು ಅದೇ, ನಾರೂ ಅದೇ. "ಗಟ್ಟಿ ಹಿಡ್ಕೊಳಣ್ಣ," ಅಂದ, ನೆಲ ನೋಡುತ್ತ. ಹುರಿ ಏರಿತು, ಹಗ್ಗವಾಯಿತು, ಎಮ್ಮೆ ಮೇಲೆ ಬಂತು.

ತಲೆದೂಗುತ್ತಿದ್ದೀರಿ. ನಿಮ್ಮ ಮನೆಯಲ್ಲೇನು ನಡೆದಿದೆ ತಾಯಂದಿರೇ, ಯಜಮಾನರೇ? "ಊಟಕ್ಕೆ ಬರಬೇಕಂತೆ ಅಂತ ನಿಮ್ಮಪ್ಪನಿಗೆ ಹೇಳು" ಅಂತ ಮಗುವಿನ ಕೈಲಿ ಹೇಳಿಸುವವರು ಎಷ್ಟು ಜನ? ಒಂದೇ ದೇವರಿಗೆ ಕೈಮುಗಿದು, ಅತ್ತ ಒಬ್ಬರು ಇತ್ತ ಒಬ್ಬರು ಮುಖ ಮಾಡಿ ಕೂತವರು ಈ ಸಭೆಯಲ್ಲೇ ಎಷ್ಟು ಜನ? ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಇವತ್ತು ಮನೆಗೆ ಹೋಗಿ. ಯಾರೊಡನೆ ಮಾತು ಬಿಟ್ಟಿದ್ದೀರೋ ಅವರೆದುರು ನಿಂತು, ಮುಖ ನೋಡಿ, ನೀವೇ ಊಟಕ್ಕೆ ಕರೆಯಿರಿ. ಬರಲಿಲ್ಲವೇ? ನಾಳೆಯೂ ಕರೆಯಿರಿ.