ಐದು ನಿಮಿಷದ ಶ್ರೀಮಂತ

ಒಂದು ಊರು ಅಂತಿಟ್ಟುಕೊಳ್ಳಿ. ಊರೆಂದ ಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ಇದ್ದ. ಯಾವ ಊರು, ಯಾರವನು ಅಂತ ಕೇಳಬೇಡಿ. ಹೇಳಿದರೆ ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿಯಾಗುತ್ತವೆ, ನಮ್ಮ ಮಠದ ಪ್ರವಚನ ಸಮಿತಿಯವರು ಬೇಜಾರು ಮಾಡಿಕೊಳ್ಳುತ್ತಾರೆ.

ಅವನದು ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಕೆಲಸ. ಊರಿನ ಸರ್ಕಲ್ಲಿನಲ್ಲಿ ನಿಂತು ತಲೆ ಎತ್ತಿದರೆ ನಾಲ್ಕೂ ದಿಕ್ಕಿನಲ್ಲಿ ಅವನದೇ ಕೈಕೆಲಸ. ಇವರ ಹುಟ್ಟುಹಬ್ಬ, ಅವರ ಗೃಹಪ್ರವೇಶ, ಇನ್ನೊಬ್ಬರ ಶ್ರದ್ಧಾಂಜಲಿ. ಹುಟ್ಟಿದವರೂ ಅವನ ಗಿರಾಕಿ, ಸತ್ತವರೂ ಅವನ ಗಿರಾಕಿ. ಹೀಗಿರುವಾಗ ಪುರುಸೊತ್ತು ಎಲ್ಲಿಂದ ಬರಬೇಕು? ಒಂದಕ್ಕೆ ಮಾತ್ರ ಇತ್ತು ನೋಡಿ. ಎದುರಿಗೆ ಸಿಕ್ಕವರನ್ನು ನಿಲ್ಲಿಸಿಕೊಂಡು ತನಗೆ ಎಷ್ಟು ಪುರುಸೊತ್ತಿಲ್ಲ ಎಂದು ಅರ್ಧ ತಾಸು ವಿವರಿಸುವುದಕ್ಕೆ. ನಗುತ್ತೀರಿ. ಇವತ್ತು ಬೆಳಿಗ್ಗೆ ನೀವು ಯಾರ ಮುಂದೆ ಅದನ್ನೇ ಹೇಳಿದಿರಿ, ನೆನಪು ಮಾಡಿಕೊಳ್ಳಿ.

ಅವನಿಗೆ ಇಬ್ಬರು ಗೆಳೆಯರಿದ್ದರು. ಒಬ್ಬ ದರ್ಜಿ, ಇನ್ನೊಬ್ಬ ಶಾಲೆಯ ಡ್ರಿಲ್ ಮಾಸ್ತರ. ದರ್ಜಿಯ ಹೆಸರು ಅಡಿವೆಪ್ಪ. ಸತ್ತವರ ಹೆಸರು ಹೇಳಬಹುದು, ಅವರು ಮಠಕ್ಕೆ ಬಂದು ಜಗಳ ತೆಗೆಯುವುದಿಲ್ಲ. ಮೂವರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಆ ಊರಲ್ಲಿ ಸೋಮವಾರ ಪೇಟೆಗೆ ರಜೆ. ಆ ಸಂಜೆ ಶಾಲೆ ಬಿಟ್ಟ ಮೇಲೆ ಮೂವರೂ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ ಸೇರಿ ಮಂಡಕ್ಕಿ ಗಿರ್ಮಿಟ್, ಮಿರ್ಚಿ ಭಜಿ ತಿಂದು, ಊರವರನ್ನೆಲ್ಲ ಆಡಿಕೊಂಡು ನಕ್ಕು ಮನೆಗೆ ಹೋಗುವುದು ವಾಡಿಕೆ.

ಫ್ಲೆಕ್ಸ್ ಬಂತು, ಸೋಮವಾರ ಹೋಯಿತು. ನಮ್ಮ ಶ್ರೀಮಂತ ರಜೆಯ ದಿನವೂ ಷಟರ್ ಅರ್ಧ ಇಳಿಸಿ ಒಳಗೆ ಮೆಷಿನ್ ಓಡಿಸತೊಡಗಿದ. ಅಡಿವೆಪ್ಪ ಹೋಟೆಲಿನಿಂದ ಫೋನ್ ಮಾಡುತ್ತಿದ್ದ. "ಲೇ, ಮಿರ್ಚಿ ಆರಾಕತ್ತೈತಿ, ಬಾರೋ."

"ಐದ ನಿಮಿಷ ತಡಿಯೋ, ಬಂದೆ."

ಎಷ್ಟು ನಿಮಿಷ? ಐದು. ಎಷ್ಟು ವರ್ಷ? ಆರು. ಮಾಸ್ತರನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ವರ್ಷ ನೋಡಿ, ಇವನ ಹೆಸರೆತ್ತುವುದನ್ನೇ ಬಿಟ್ಟ. ಅಡಿವೆಪ್ಪ ಮಾತ್ರ ಬಿಡಲಿಲ್ಲ. ಪ್ರತಿ ಸೋಮವಾರ ಫೋನ್, ಪ್ರತಿ ಸೋಮವಾರ ಅದೇ ಉತ್ತರ.

ಒಂದು ಸೋಮವಾರ ಬೆಳಿಗ್ಗೆಯೇ ಅಡಿವೆಪ್ಪನ ನಂಬರಿನಿಂದ ಫೋನ್ ಬಂತು. ಇವನು ಆ ಕಡೆಯ ಮಾತು ಕೇಳುವ ಮೊದಲೇ ಹೇಳಿದ, "ಐದ ನಿಮಿಷ ತಡಿಯೋ, ಬಂದೆ."

ಆ ಕಡೆ ಮಾಸ್ತರ. "ಅಂವ ಇನ್ನ ತಡಿಯಾಂಗಿಲ್ಲಪಾ. ನಸುಕಿನ್ಯಾಗ ಹೋಗಿಬಿಟ್ಟ."

ಅವನು ಅತ್ತ. ಮೆಷಿನ್ನಿಗೆ ಕೈ ಊರಿ ನಿಂತು ಅತ್ತ. ಶ್ರೀಮಂತನಾದರೇನು, ಕಲ್ಲಲ್ಲವಲ್ಲ. ಅತ್ತು ಮುಗಿಸಿ ಗೆಳೆಯನ ಮನೆಗೆ ಓಡಿದನೋ? ಇಲ್ಲ. ತನಗೆ ಬರುವ ಕೆಲಸ ಮಾಡಿದ. ಇಡೀ ಊರಲ್ಲಿ ಯಾರಿಗೂ ಹಾಕಿರದಷ್ಟು ದೊಡ್ಡ ಬ್ಯಾನರ್ ಗೆಳೆಯನಿಗೆ ಹಾಕಬೇಕು, ಅದಾದ ಮೇಲೇ ಹೋಗಬೇಕು ಎಂದ. ಆದರೆ ಫೋಟೋ ಬೇಕಲ್ಲ. ಫೋನಿನಲ್ಲಿ ಸಾವಿರಾರು ಫೋಟೋ, ಊರಿನ ಗಣ್ಯರೆಲ್ಲ ಇದ್ದಾರೆ, ಅಡಿವೆಪ್ಪ ಇಲ್ಲ. ಹುಡುಕಿ ಹುಡುಕಿ ಒಂದು ಸಿಕ್ಕಿತು. ಶ್ರೀಮಂತನಿಗೇ ಸನ್ಮಾನವಾದ ದಿನದ್ದು. ಇವನು ನಡುವೆ ಕೈಮುಗಿದು ನಿಂತಿದ್ದಾನೆ. ಹಿಂದೆ, ಶಾಲು ಹೊದಿಸುವವರ ಮೊಣಕೈ ಸಂದಿಯಲ್ಲಿ, ಅಡಿವೆಪ್ಪನ ಅರ್ಧ ಮುಖ.

ಡಿಸೈನ್ ಮಾಡುವ ಹೆಣ್ಣುಮಗಳು ಹೇಳಿದಳು, "ಸಾಹುಕಾರ್ರ, ಈ ಮುಖ ದೊಡ್ಡದ ಮಾಡಿದ್ರ ಒಡೀತೈತ್ರಿ. ಅವರ ಮನ್ಯಾಗ ಒಂದ ಫೋಟೋ ಕೇಳ್ರಲ್ಲ."

"ಹೋಗಿ ಬರಾಕ ಟೈಮಿಲ್ಲವಾ. ಎಷ್ಟ ಆಕ್ಕೈತಿ ಅಷ್ಟ ಹಾಕು."

ಅವಳು ಅಷ್ಟೇ ಹಾಕಿದಳು. ಮೇಲಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಡಿವೆಪ್ಪ. ಉಳಿದ ಜಾಗ ಖಾಲಿ ಬಿಡುವುದು ಹೇಗೆ? ಅಲ್ಲಿ 'ದುಃಖತಪ್ತ ಗೆಳೆಯ'ನನ್ನು ನಿಲ್ಲಿಸಿದಳು, ಬಿಳಿ ಅಂಗಿ, ಮುಗಿದ ಕೈ, ಹತ್ತು ಅಡಿ ಎತ್ತರ. ಅವನ ತಲೆಯ ಮೇಲೆ ಕಪ್ಪು ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಹತ್ತು ಗಂಟೆಗೆ ಬ್ಯಾನರ್ ಸರ್ಕಲ್ಲಿನಲ್ಲಿ ಏರಿತು. ಊರು ತಲೆ ಎತ್ತಿ ನೋಡಿತು. ಊರಿಗೆ ಏನು ಅರ್ಥವಾಗಬೇಕೋ ಅದೇ ಆಯಿತು.

ಇವನು ಸ್ನಾನ ಮಾಡಿ, ಬಟ್ಟೆ ಬದಲಿಸಿ ಅಡಿವೆಪ್ಪನ ಮನೆಗೆ ಹೋಗೋಣವೆಂದು ಮನೆಗೆ ಬಂದ. ಹೆಂಡತಿ ಆಗಲೇ ಅಲ್ಲಿಗೆ ಹೋಗಿದ್ದಳು, ಅವಳಿಗೆ ಬುದ್ಧಿ ಇತ್ತು. ಇವನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾನೆ, ಪಡಸಾಲೆಯಲ್ಲಿ ಚಪ್ಪಲಿ ಬಿಡುವ ಸದ್ದು. ವರ್ತಕರ ಸಂಘದವರು ಹಾರ ಹಿಡಿದುಕೊಂಡು ಬಂದು ಕೂತಿದ್ದಾರೆ. ಯಾರ ಸಾವಿಗೆ? ಇವನ ಸಾವಿಗೆ.

ಈಗ ನೋಡಿ ಮಜಾ. ತನ್ನ ಸಾವಿಗೆ ಜನ ಏನು ಮಾತಾಡುತ್ತಾರೆಂದು ಕೇಳುವ ಭಾಗ್ಯ ಯಾರಿಗುಂಟು? ಇವನು ಬಚ್ಚಲ ಬಾಗಿಲಿಗೆ ಕಿವಿ ಇಟ್ಟ.

"ಭಾಳ ಬಿಜಿ ಮನುಷ್ಯಾ ಇದ್ದಪಾ."

"ಹೌದ್ರಿ, ಭಾಳ ಬಿಜಿ."

"ನಿಮಗ ಪರಿಚಯ ಇತ್ತೇನ್ರಿ?"

"ಇಪ್ಪತ್ತ ವರ್ಷದ್ದು. ಮಾತ ಎರಡ ಸಲ ಆಡೇನಿ."

ಇವನ ಗುಣಗಾನ ಅಲ್ಲಿಗೆ ಮುಗಿಯಿತು. ಆಮೇಲೆ ಒಬ್ಬರು ಗಡಿಯಾರ ನೋಡಿ ಕೇಳಿದರು, "ಹೆಣ ಲಗೂ ಎತ್ತತಾರೇನ್ರಿ? ನನಗ ಹನ್ನೊಂದಕ್ಕ ಒಂದ ಮೀಟಿಂಗ್ ಐತಿ."

ಟವೆಲ್ ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡು ಹೆಣವೇ ಹೊರಗೆ ಬಂತು. ಎಲ್ಲರೂ ದಡಬಡಿಸಿ ಎದ್ದರು. ಹಾರ ಹಿಡಿದ ಪುಣ್ಯಾತ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ತಂದದ್ದಾಗಿದೆ, ಎದುರಿಗೇ ಬಂದಿದ್ದಾರೆ ಎಂದು ಕೊರಳಿಗೆ ಹಾಕಿಯೇಬಿಟ್ಟ.

ನಕ್ಕುಬಿಡಿ, ಮುಂದಿನದಕ್ಕೆ ನಗು ಬರುವುದಿಲ್ಲ.

ಆ ಹಾರವನ್ನೇ ಕೈಯಲ್ಲಿ ಹಿಡಿದು ಅವನು ಅಡಿವೆಪ್ಪನ ಮನೆಗೆ ಓಡಿದ. ಅಲ್ಲಿ ಕಾಲಿಡಲು ಜಾಗವಿಲ್ಲ. ತರಕಾರಿ ಮಾರುವವಳು ಅಳುತ್ತಿದ್ದಾಳೆ, ಬಸ್ ಕಂಡಕ್ಟರ್ ಅಡಿವೆಪ್ಪ ಹೇಳಿದ ಜೋಕನ್ನು ಅಳುತ್ತಲೇ ಹೇಳುತ್ತಿದ್ದಾನೆ. ಪ್ರತಿಯೊಬ್ಬರ ಹತ್ತಿರವೂ ಒಂದು ಅಡಿವೆಪ್ಪನ ಕಥೆ. ಇವನ ಹತ್ತಿರ? ಆರು ವರ್ಷದಿಂದ ಈಚಿನದು ಒಂದೂ ಇಲ್ಲ. "ಇವರ್ಯಾರವಾ?" ಎಂದು ಒಬ್ಬ ಮುದುಕಿ ಕೇಳಿದಳು. ಅಡಿವೆಪ್ಪನ ಹೆಂಡತಿ ತಲೆ ಎತ್ತಿ ನೋಡಿ ಹೇಳಿದಳು, "ಐದ ನಿಮಿಷದವ್ರು. ನಮ್ಮನಿಯವ್ರು ಸೋಮವಾರಕ್ಕೊಮ್ಮೆ ಹೇಳ್ತಿದ್ರು, ಐದ ನಿಮಿಷದಾಗ ಬರ್ತಾನ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳಬಹುದಿತ್ತು.

ಮಣ್ಣು ಮಾಡಿ ಬರುವಾಗ ಮಾಸ್ತರ ಮುಂದೆ ಮುಂದೆ, ಇವನು ಹಿಂದೆ ಹಿಂದೆ. ಒಬ್ಬನಂತೂ ಹೋದ. ಉಳಿದಿರುವುದು ಈ ಒಂದು ಬೆನ್ನು, ಅದೂ ತಿರುಗಿ ನೋಡುತ್ತಿಲ್ಲ. ಧೈರ್ಯ ಮಾಡಿ ಕೇಳಿದ, "ಮುಂದಿನ ಸೋಮವಾರ ಹೋಟೆಲಿಗೆ ಬರ್ತೀ ಏನೋ?"

"ನೋಡೋಣು. ಕೆಲಸ ಭಾಳ ಐತಿ," ಎಂದ ಮಾಸ್ತರ. ಅವನು ನಿವೃತ್ತನಾಗಿ ವರ್ಷ ಕಳೆದಿತ್ತು.

ಮುಂದಿನ ಸೋಮವಾರ ಶ್ರೀಮಂತ ಷಟರ್ ಪೂರ್ತಿ ಇಳಿಸಿ, ಬೀಗ ಹಾಕಿ, ಮಾಸ್ತರನ ಮನೆ ಕಟ್ಟೆಯ ಮೇಲೆ ಹೋಗಿ ಕೂತ. ಮಾಸ್ತರ ಪೇಪರ್ ಓದಿದ, ಜಾಹೀರಾತನ್ನೂ ಬಿಡದೆ ಓದಿದ, ಮಾತಾಡಲಿಲ್ಲ. ಎರಡನೆಯ ಸೋಮವಾರವೂ ಪೇಪರ್. ಮೂರನೆಯ ಸೋಮವಾರವೂ ಪೇಪರ್. ನಾಲ್ಕನೆಯ ಸೋಮವಾರ ಪೇಪರಿನ ಹಿಂದಿನಿಂದ ದನಿ ಬಂತು. "ನಿನಗೇನು ಕೆಲಸ ಇಲ್ಲೇನ್ಲೇ?"

"ಇಲ್ಲೋ," ಎಂದ ಅವನು. ಆರು ವರ್ಷದಲ್ಲಿ ಮೊದಲ ಸಲ.

ಮಾಸ್ತರ ಪೇಪರ್ ಮಡಿಚಿಟ್ಟ. "ಅಡಿವೆಪ್ಪ ಇರಬೇಕಾಗಿತ್ತು," ಎಂದ. ಆಮೇಲೆ ಇಬ್ಬರೂ ಸೇರಿ ಅತ್ತರು.

ಕಥೆ ಇಷ್ಟೇ. ಈಗ ನಿಮ್ಮ ಸರದಿ. ಕೆಲವರು ಆಗಲೇ ಜೇಬಿನಿಂದ ಫೋನ್ ತೆಗೆಯುತ್ತಿದ್ದೀರಿ, ನನಗೆ ಇಲ್ಲಿಂದ ಎಲ್ಲ ಕಾಣಿಸುತ್ತದೆ. ಗೆಳೆಯನಿಗೆ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಗೆಳೆತನ ಆಯಿತೇ? ಆ ಹೂವನ್ನು ಅವನು ನಿನ್ನೆಯೇ ನಿಮಗೆ ಕಳಿಸಿದ್ದಾನೆ. ತಾಯಂದಿರೇ, ನೀವೂ ನಗಬೇಡಿ. ಮದುವೆಯಾಗಿ ಬಂದ ಮೇಲೆ ನಿಮ್ಮ ಗೆಳತಿ ಯಾವ ಊರಲ್ಲಿದ್ದಾಳೆಂದು ಎಷ್ಟು ಜನಕ್ಕೆ ಗೊತ್ತು?

ನನ್ನದನ್ನೂ ಹೇಳಿಬಿಡುತ್ತೇನೆ. ಪಾಠಶಾಲೆಯಲ್ಲಿ ನನ್ನ ಜೊತೆ ಶೇಂಗಾ ಕದ್ದು ತಿಂದ ಗೆಳೆಯನೊಬ್ಬನಿದ್ದಾನೆ. ಈಗ ಹಿಟ್ಟಿನ ಗಿರಣಿ ನಡೆಸುತ್ತಾನೆ. ಜಗತ್ತಿನಲ್ಲಿ ನನ್ನನ್ನು 'ಲೇ ಗಿಡ್ಡ್ಯಾ' ಎಂದು ಕರೆಯುವವನು ಅವನೊಬ್ಬನೇ. ಅವನ ಮುಖ ನೋಡಿ ಹನ್ನೊಂದು ವರ್ಷವಾಯಿತು. ಯಾಕೆ? ಊರೂರು ತಿರುಗಿ ಗೆಳೆತನದ ಬಗ್ಗೆ ಪ್ರವಚನ ಹೇಳುವುದರಲ್ಲಿ ನನಗೆ ಪುರುಸೊತ್ತೇ ಆಗಲಿಲ್ಲ.

ಅದಕ್ಕೇ ನಾಳೆ ಪ್ರವಚನ ಇಲ್ಲ. ಅಧ್ಯಕ್ಷರೇ, ನನ್ನನ್ನು ಹಾಗೆ ನೋಡಬೇಡಿ, ನಿಮಗೂ ಹೇಳಿರಲಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನು ಗಿರಣಿಗೆ ಹೋಗುತ್ತೇನೆ.

ನೀವು? ನಾಳೆ ಸಂಜೆ ಆರರಿಂದ ಏಳೂವರೆ ಇಲ್ಲಿಗೆಂದು ಎತ್ತಿಟ್ಟ ಹೊತ್ತು. ಮನೆಯಲ್ಲಿ ಹೇಳಿ ಆಗಿದೆ, ಅಂಗಡಿಯಲ್ಲಿ ಆಳು ಕೂರಿಸಿ ಆಗಿದೆ. ಕೆಲಸವಿದೆ ಎನ್ನುವ ನೆಪ ಈ ಒಂದೂವರೆ ತಾಸಿಗಂತೂ ನಡೆಯುವುದಿಲ್ಲ. ಒಬ್ಬ ಗೆಳೆಯನ ಮನೆಗೆ, ಒಬ್ಬ ಗೆಳತಿಯ ಮನೆಗೆ ಹೋಗಿ ಬಾಗಿಲು ತಟ್ಟಿ. ಮೊದಲೇ ಫೋನ್ ಮಾಡಿ ಕೇಳಬೇಡಿ, ಕೇಳಿದರೆ ಅವರೂ ಬಿಜಿ ಅನ್ನುತ್ತಾರೆ. ಯಾಕೆ ಬಂದೆ ಅಂದರೆ, ಸುಮ್ಮನೆ ಬಂದೆ ಎನ್ನಿ. ಮಾತಾಡದಿದ್ದರೆ ಕೂತಿರಿ. ಇನ್ನು ಮುಂದೆ ವಾರಕ್ಕೊಂದು ಸಂಜೆ ಹೀಗೆಯೇ ಎತ್ತಿಡಿ.

ಮಠದ ಬಾಗಿಲನ್ನೇನೂ ನಾನು ಹಾಕಿಸುವುದಿಲ್ಲ. ಆದರೆ ನಾಳೆ ಇಲ್ಲಿ ಬಂದು ಕೂತವರನ್ನು ನೋಡಿ ಊರವರು, 'ಪಾಪ, ಇವರಿಗೆ ಹೋಗಲು ಒಂದು ಮನೆಯೂ ಇಲ್ಲ' ಎಂದುಕೊಂಡರೆ ನನ್ನನ್ನು ಬೈಯಬೇಡಿ.