ಕಾಂಕ್ರೀಟು ಹಾಸಿನ ಮೇಲೆ ಸತ್ತವನ ಹೆಸರು

ವಿಷಯ: ಮದುವೆ ಮಂಟಪದ ಕಾರು ನಿಲ್ಲಿಸುವ ಜಾಗದಲ್ಲಿ ಅಪರಿಚಿತ ಗಂಡಸಿನ ಶವ ಸಿಕ್ಕಿರುವ ಬಗ್ಗೆ ಸಾಕ್ಷಿಯ ಹೇಳಿಕೆ.

ನನ್ನ ಹೆಸರು ನುಸ್ರೆತ್ ತಾಷ್‌ಕೆಸೆನ್, ತಂದೆ ಫಿಕ್ರಿ, ವಯಸ್ಸು 69 ವರ್ಷ, ಕೆಲಸ ಕಾಂಕ್ರೀಟು ಮೇಸ್ತ್ರಿ (ಕರೆಯುವುದು ‘ಉಸ್ತಾ’ ಎಂದು), ಓದಿದ್ದು ನಾಲ್ಕನೇ ತರಗತಿ, ವಾಸ ಎರ್ಜುರುಮ್ ನಗರದ ಕೋಟೆ ಕೆಳಗಿನ ಚರ್ಮಗಾರರ ಓಣಿ, ಮನೆ ನಂಬರ್ 14. ಈ ಮೂಲಕ ತಿಳಿಸುವುದೇನೆಂದರೆ, ಸತ್ತವನು ಅಪರಿಚಿತನಲ್ಲ. ಅವನ ಹೆಸರು ಬಾಯ್‌ಮುರಾದ್. ಮೊದಲು ಇದನ್ನು ಬರೆದುಕೊಳ್ಳಿ ಎಂದು ನಾನು ಹೇಳಿದೆ. ಬರೆದುಕೊಳ್ಳುತ್ತಿರುವ ಪೇದೆ, ಎಲ್ಲವನ್ನೂ ನಡೆದ ಕ್ರಮದಲ್ಲಿ ಹೇಳಬೇಕು ಎಂದ. ಕ್ರಮದಲ್ಲೇ ಹೇಳುತ್ತೇನೆ.

ಪಲಂದೋಕೆನ್ ಬೆಟ್ಟದ ರಸ್ತೆಯಲ್ಲಿ ಹಿಕ್ಮೆತ್ ಬೇ ಅವರ ಮದುವೆ ಮಂಟಪವಿದೆ. ಅದರ ಮುಂದೆ ಎಂಬತ್ತು ಕಾರು ನಿಲ್ಲುವಷ್ಟು ಜಾಗ. ಮೂರು ಚಳಿಗಾಲದ ಹಿಂದೆ ಯಾರೋ ಹಾಕಿದ್ದ ಕಾಂಕ್ರೀಟು ಹುಣ್ಣಿನ ಹೊಪ್ಪಳೆಯಂತೆ ಎದ್ದು ಜಲ್ಲಿ ಹೊರಗೆ ಕಾಣುತ್ತಿತ್ತು. ಅದನ್ನು ಕಿತ್ತು ಹೊಸದು ಹಾಕಿಕೊಡಲು ಅವರು ಅಕ್ಟೋಬರ್ ಕೊನೆಗೆ ನನ್ನನ್ನು ಕರೆಸಿದರು. ನಾನು ಬೇಡ ಎಂದೆ. ಈ ಊರಲ್ಲಿ ಅಕ್ಟೋಬರ್ ಕಳೆದ ಮೇಲೆ ಕಾಂಕ್ರೀಟು ಹಾಕುವವನೂ ಒಂದೇ, ಬಂಡೆ ಮೇಲೆ ಬೀಜ ಎಸೆಯುವವನೂ ಒಂದೇ, ಏಪ್ರಿಲ್‌ವರೆಗೆ ತಡೆಯಿರಿ ಎಂದೆ. ಅದಕ್ಕೆ ಅವರು, ‘ಉಸ್ತಾ, ಅಲ್ಲೀವರ್ಗೂ ಮದುವೆಗೆ ಬರೋರ ಕಾರನ್ನ ನಿಮ್ಮ ತಲೆ ಮೇಲೆ ನಿಲ್ಸೋಕೆ ಹೇಳ್ಲಾ? ಮಾಡ್ತೀರೋ, ಇನ್ನೊಬ್ಬರನ್ನ ಕರೀಲೋ?’ ಎಂದರು. ಇನ್ನೊಬ್ಬರು ಹೇಗೆ ಮಾಡುತ್ತಾರೆಂದು ಕಾಲಡಿಯಲ್ಲೇ ಕಾಣುತ್ತಿತ್ತು. ಅರ್ಧ ಜಾಗ ಮೊದಲು, ಉಳಿದರ್ಧ ಒಂದು ವಾರ ಬಿಟ್ಟು, ಎಲ್ಲವೂ ನಾನು ಹೇಳಿದಂತೆ ಎಂಬ ಮಾತಿನ ಮೇಲೆ ಒಪ್ಪಿದೆ.

ಆಳುಗಳಾಗಿ ಒಂಬತ್ತು ಮಂದಿ ಆಫ್ಘನ್ನರನ್ನು ಹಿಕ್ಮೆತ್ ಬೇ ಅವರೇ ಗೊತ್ತುಮಾಡಿದರು. ಯಾರ ಬಳಿಯೂ ಈ ದೇಶದಲ್ಲಿರಲು ಕಾಗದ ಇರಲಿಲ್ಲ. ಮಂಟಪದ ಹಿಂದಿನ ತಗಡಿನ ಕೋಣೆಯಲ್ಲಿ ಅವರನ್ನು ಇಳಿಸಿದ್ದರು, ಒಂದು ಒಲೆ ಕೊಟ್ಟಿದ್ದರು. ಬಾಯ್‌ಮುರಾದ್ ಅವರಲ್ಲಿ ಹಿರಿಯ, ನಲವತ್ತೈದು ದಾಟಿದವನು. ಊರು ಅಂದ್‌ಖೋಯ್, ಜಾತಿಯಲ್ಲಿ ತುರ್ಕಮೆನ್. ಅವನ ಭಾಷೆ ನಮ್ಮ ತುರ್ಕಿ ಭಾಷೆಗೆ ಹತ್ತಿರ, ಹತ್ತು ಮಾತಿನಲ್ಲಿ ಏಳು ನನಗೆ ತಿಳಿಯುತ್ತಿತ್ತು. ಊರಲ್ಲಿ ಕರಬೂಜ ಬೆಳೆಯುತ್ತಿದ್ದನಂತೆ. ಹೆಂಡತಿ ಹೆಸರು ಒಗುಲ್‌ಬಿಬಿ, ಇಬ್ಬರು ಹೆಣ್ಣುಮಕ್ಕಳು. ಸಕ್ಕರೆ ಗಟ್ಟಿಯನ್ನು ದವಡೆಗಿಟ್ಟುಕೊಂಡು ಟೀ ಕುಡಿಯುವುದನ್ನು ನಾನೇ ಅವನಿಗೆ ಕಲಿಸಿದೆ. ಮೊದಲ ದಿನ ಸಕ್ಕರೆ ಗಂಟಲಿಗೆ ಹೋಗಿ ಕೆಮ್ಮಿ ಕೆಮ್ಮಿ, ‘ನಿಮ್ಮೂರ ಟೀ ಕುಡಿಯೋಕೂ ಮೇಸ್ತ್ರಿ ಬೇಕು ಉಸ್ತಾ’ ಎಂದಿದ್ದ. ಇದು ಕೇಸಿಗೆ ಬೇಡ ಎಂದು ಇಲ್ಲಿನ ಅಧಿಕಾರಿ ಹೇಳಿದರು. ನಾನು ಹೇಳಿದ್ದನ್ನು ಬರೆಯದಿದ್ದರೆ ಎದ್ದು ಹೋಗುತ್ತೇನೆ ಎಂದೆ. ಬರೆದಿದ್ದಾರೆ.

ನೆಲ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ ನೆಲದ ಮೇಲೆ ಹಾಕಿದರೆ ವಸಂತದಲ್ಲಿ ನೆಲ ಕುಸಿದು ಹಾಸು ಬಿರಿಯುತ್ತದೆ. ಆದ್ದರಿಂದ ಎರಡು ದಿನ ಬಿಸಿಗಾಳಿ ಯಂತ್ರ ಇಟ್ಟು ನೆಲ ಕರಗಿಸಿದೆವು. ಜಲ್ಲಿ ಹಾಸಿ ದಮ್ಮಸು ಮಾಡಿದೆವು, ಕರಗಿದ ಹಿಮ ನಿಲ್ಲದೆ ಚರಂಡಿಗೆ ಹೋಗುವಂತೆ ಇಳಿಜಾರು ಕೊಟ್ಟೆವು.

ಸೋಮವಾರ, ನವೆಂಬರ್ 18ರಂದು ಬೆಳಿಗ್ಗೆ 9 ಗಂಟೆಗೆ ಮೊದಲ ಮಿಕ್ಸರ್ ಲಾರಿ ಬಂತು. ಬಿಸಿನೀರಲ್ಲಿ ಕಲಸಿದ ಕಾಂಕ್ರೀಟು. ಚಾಲಕ, ಗಟ್ಟಿಯಾಗಿದೆ, ಎರಡು ಬಕೆಟ್ ನೀರು ಹೊಯ್ಯಲೇ ಎಂದು ಕೇಳಿದ. ಹೊಯ್ದರೆ ನಿನ್ನನ್ನೂ ಅದರಲ್ಲೇ ಹೂಳುತ್ತೇನೆ ಎಂದೆ. ಮಟ್ಟ ಎಳೆಯುವಾಗ ಬಾಯ್‌ಮುರಾದ್, ಇಷ್ಟು ಚಳಿಯಲ್ಲಿ ಇದು ಒಡೆಯುವುದಿಲ್ಲವೇ ಎಂದು ಕೇಳಿದ. ಇದರಲ್ಲಿ ನೊರೆ ಬರುವ ಔಷಧಿ ಹಾಕಿರುತ್ತಾರೆ, ಕಣ್ಣಿಗೆ ಕಾಣದ ಗುಳ್ಳೆಗಳು ಒಳಗೆ ಉಳಿಯುತ್ತವೆ, ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಅದಕ್ಕೆ ಹೋಗಲು ಜಾಗ ಸಿಗುತ್ತದೆ, ಜಾಗ ಸಿಗದಿದ್ದರೆ ಮೇಲಿನ ಪದರವನ್ನೇ ಒಡೆದುಕೊಂಡು ಬರುತ್ತದೆ ಎಂದೆ. ‘ಹಾಗಾದ್ರೆ ನಿಮ್ಮೂರಲ್ಲಿ ನೀರಿಗೂ ಜಾಗ ಮಾಡಿಡ್ತೀರಿ ಅನ್ನಿ’ ಎಂದ. ಬಾಯಿ ಮುಚ್ಚಿಕೊಂಡು ಹಲಗೆ ಹಿಡಿ ಎಂದೆ.

ಹಾಸು ಬಿಗಿದ ಮೇಲೆ ಕಂಬಳಿ ಹೊದಿಸಿದೆವು. ಇವು ಕಾಂಕ್ರೀಟಿಗೆಂದೇ ಮಾಡಿದ ದಪ್ಪ ಕಂಬಳಿಗಳು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಣ್ಣೆ ತುಂಬಿರುತ್ತದೆ. ಉಳಿದವರು ಹೇಗೋ ಎಸೆಯುತ್ತಿದ್ದರು. ಬಾಯ್‌ಮುರಾದ್ ಒಬ್ಬನೇ ಗಾಳಿ ಬರುವ ದಿಕ್ಕು ನೋಡಿ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹಾಸಿ, ಮಗುವಿಗೆ ಹೊದಿಸಿದಂತೆ ಅಂಚು ಒತ್ತಿ ಕಲ್ಲಿಡುತ್ತಿದ್ದ. ಊರಲ್ಲಿ ಕರಬೂಜವನ್ನು ಚಳಿಗಾಲಕ್ಕೆ ಹೀಗೇ ಹುಲ್ಲಲ್ಲಿ ಹೊದಿಸಿಡುತ್ತಾರಂತೆ. ಕೆಲಸ ಮುಗಿದಾಗ ಒಂದು ಅಂಚಿನಡಿ ಕೈ ಹಾಕಿ, ‘ಉಸ್ತಾ, ಇದು ಜೀವ ಇರೋ ಹಾಗೆ ಬೆಚ್ಚಗಿದೆ’ ಎಂದ. ಸಿಮೆಂಟು ಗಟ್ಟಿಯಾಗುತ್ತ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಕಂಬಳಿ ಹೊದಿಸುವುದು ಆ ಕಾವು ಹೋಗದಿರಲಿ ಎಂದು, ಇಷ್ಟೇ ನಾನು ಹೇಳಿದ್ದು. ಆ ಕಾವು ಎಷ್ಟು ದಿನ ಇರುತ್ತದೆಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾಸು ಎಲ್ಲೆಂದರಲ್ಲಿ ಬಿರಿಯದಂತೆ ಯಂತ್ರದಿಂದ ಗೀಟು ಕೊಯ್ದು ಮತ್ತೆ ಕಂಬಳಿ ಮುಚ್ಚಿದೆವು. ಸಂಜೆ 4 ಗಂಟೆಗೆ ಹಿಕ್ಮೆತ್ ಬೇ ಬಂದು, ಕಾಗದವಿಲ್ಲದವರ ತಪಾಸಣೆ ಬರುತ್ತದೆಂದು ಸುದ್ದಿ ಇದೆ ಎಂದು ಹೇಳಿ ಎಲ್ಲರನ್ನೂ ಹೊರಗೆ ಹಾಕಿ ತಗಡಿನ ಕೋಣೆಗೆ ಬೀಗ ಹಾಕಿದರು. ಎಂಟು ಮಂದಿ ಅಂದೇ ಒಂದು ಲಾರಿ ಹಿಡಿದು ಪಡುವಣ ಕಡೆಗೆ ಹೋದರು. ಬಾಯ್‌ಮುರಾದ್ ಹೋಗಲಿಲ್ಲ. ಮುಂದಿನ ಸೋಮವಾರ ಉಳಿದರ್ಧ ಹಾಕುವಾಗ ಕಂಬಳಿ ಹೊದಿಸಲು ನೀನು ಬೇಕು, ನಿನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂದು ಅವನಿಗೆ ಹೇಳಿದ್ದವನು ನಾನು. ಒಬ್ಬನಿಗಾದರೂ ಬೀಗ ತೆಗೆದುಕೊಡಿ ಎಂದು ಹಿಕ್ಮೆತ್ ಬೇ ಅವರನ್ನು ಕೇಳಿದೆ. ‘ಸಿಕ್ಕಿಬಿದ್ರೆ ದಂಡ ನೀವು ಕಟ್ತೀರಾ? ಅಷ್ಟು ಕರುಳು ಚುರ್ ಅಂದ್ರೆ ನಿಮ್ಮನೇಲಿ ಇಟ್ಕೊಳ್ಳಿ’ ಎಂದರು. ನನ್ನ ಮನೆ ಎರಡು ಕೋಣೆ. ಮಗ, ಸೊಸೆ, ಮೂರು ಮಕ್ಕಳಿದ್ದಾರೆ. ನಾನು ನಡುಮನೆಯ ಒಲೆ ಪಕ್ಕ ಮಲಗುತ್ತೇನೆ. ಒಲೆಗೆ ಎರಡು ಪಕ್ಕ ಇದೆ.

ಬುಧವಾರ ಬೆಳಿಗ್ಗೆ 8 ಗಂಟೆಗೆ ನಾನು ಹೋದಾಗ ಬಾಯ್‌ಮುರಾದ್ ಆಗಲೇ ಕಂಬಳಿಗಳ ಮೇಲಿನ ಹಿಮ ಗುಡಿಸುತ್ತಿದ್ದ. ರಾತ್ರಿ ಎಲ್ಲಿದ್ದೆ ಎಂದು ಕೇಳಿದೆ. ‘ಬೆಚ್ಚಗಿನ ಜಾಗ ಸಿಕ್ಕಿದೆ ಉಸ್ತಾ, ಯೋಚ್ನೆ ಬೇಡ’ ಎಂದ. ಎಲ್ಲಿ ಎಂದು ನಾನು ಕೇಳಲಿಲ್ಲ. ಅವನ ಕೋಟಿನ ಬೆನ್ನು ಒದ್ದೆಯಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಸ ಕೆಲಸಕ್ಕೆ ಒರಗುತ್ತೀಯಾ ಎಂದು ಬೈದೆ. ಮಧ್ಯಾಹ್ನ ಮಂಟಪದ ಅಡುಗೆಯಾಕೆ ಪೆರಿಹಾನ್ ನಮ್ಮಿಬ್ಬರಿಗೂ ಬೇಳೆ ಸೂಪು ಕೊಟ್ಟಳು. ‘ಏನಯ್ಯ ಬಾಯ್‌ಮುರಾದ್, ಮೂರನೇ ಬಟ್ಟಲು. ಅದೇನು ಹೊಟ್ಟೆಯೋ, ಮಂಟಪದ ಉಗ್ರಾಣವೋ?’ ಎಂದಳು. ಹೆಸರು ಹಿಡಿದು ಕರೆದಳು. ನಾನು ಈ ಕಿವಿಯಲ್ಲಿ ಕೇಳಿದ್ದೇನೆ. ಅವನು, ‘ಉಗ್ರಾಣಕ್ಕಾದ್ರೆ ಬೀಗ ಇರುತ್ತಮ್ಮ’ ಎಂದ. ಇಬ್ಬರೂ ನಕ್ಕರು.

ಗುರುವಾರ ಅವನು ಬೆನ್ನು ಗೋಡೆಗೆ ಉಜ್ಜಿಕೊಳ್ಳುತ್ತಿದ್ದ. ಕೇಳಿದ್ದಕ್ಕೆ ಉರಿ ಎಂದ. ಸಿಮೆಂಟಿನ ನೀರು ತಾಗಿದರೆ ಚರ್ಮ ಸುಡುತ್ತದೆ, ಹೋಗಿ ತೊಳೆದುಕೊ ಎಂದೆ. ಸಂಜೆ 4.30ಕ್ಕೆ ನಾನು ಕಂಬಳಿಯಡಿ ಕೈ ಹಾಕಿ ನೋಡಿದೆ. ಕಾವು ಇಳಿದಿತ್ತು. ಅದು ಇಳಿಯಲೇಬೇಕು, ನಿಧಾನ ಇಳಿದರೆ ಒಳ್ಳೆಯದು. ಅದನ್ನು ಯಾರಿಗಾದರೂ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಸೋಮವಾರದವರೆಗೆ ಕಂಬಳಿ ಎತ್ತಬಾರದು ಎಂದಷ್ಟೇ ಅವನಿಗೆ ಹೇಳಿ ಮನೆಗೆ ಹೋದೆ. ಆ ರಾತ್ರಿ ಶೂನ್ಯಕ್ಕಿಂತ ಇಪ್ಪತ್ತೊಂದು ಡಿಗ್ರಿ ಕೆಳಗೆ ಹೋಯಿತೆಂದು ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು.

ಶುಕ್ರವಾರ, ಅಂದರೆ ಇಂದು, ಬೆಳಿಗ್ಗೆ 7.10ಕ್ಕೆ ನಾನು ಅಲ್ಲಿಗೆ ಹೋದೆ. ಮಂಟಪದ ಬಾಗಿಲಿನಿಂದ ಹನ್ನೆರಡು ಮೀಟರ್ ದೂರದಲ್ಲಿ, ನಾವು ಮೊದಲು ಹಾಕಿದ ಮೂಲೆಯಲ್ಲಿ, ಪಕ್ಕದ ಕಂಬಳಿಗಳೆರಡನ್ನು ಎಳೆದು ಒಂದರ ಮೇಲೊಂದು ಹೊದ್ದಂತೆ ಉಬ್ಬು ಕಂಡಿತು. ಎಳೆದ ಕಡೆ ಹಾಸು ಬತ್ತಲೆಯಾಗಿ ಮಂಜುಗಟ್ಟಿ ಬೆಳ್ಳಗಿತ್ತು. ಚಳಿಯಲ್ಲಿ ಬೀದಿನಾಯಿಗಳು ಹೀಗೆ ನುಗ್ಗುವುದುಂಟು. ಹಾಳು ನಾಯಿ ಎಂದು ಬೈದು ಮಟ್ಟಗೋಲಿನಿಂದ ಎರಡು ಸಲ ಹೊಡೆದೆ. ಅಲುಗಲಿಲ್ಲ. ಕಂಬಳಿ ಎತ್ತಿದೆ. ಬಾಯ್‌ಮುರಾದ್ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದ. ಕೋಟಿನ ಬೆನ್ನು ಕಾಂಕ್ರೀಟಿಗೆ ಅಂಟಿ ಹೆಪ್ಪುಗಟ್ಟಿತ್ತು. ತಲೆಯ ಕಡೆ ಕಂಬಳಿಯ ಅಂಚನ್ನು ಒಳಗಿನಿಂದಲೇ ಒತ್ತಿ ಮಡಚಿಕೊಂಡಿದ್ದ, ಉಳಿದ ಅಂಚುಗಳಿಗೆ ಮೊದಲೇ ಹೊರಗಿನಿಂದ ಕಲ್ಲೂ ಇಟ್ಟಿದ್ದ. ನಾನು ಅವನ ಪಕ್ಕದ ಹಾಸು ಮುಟ್ಟಿ ನೋಡಿದೆ. ತಣ್ಣಗಿತ್ತು. ಆಮೇಲೆ ಅವನನ್ನು ಮುಟ್ಟಿದೆ.

7.40ಕ್ಕೆ ಹಿಕ್ಮೆತ್ ಬೇ ಬಂದರು. ಮೊದಲು ಶವ ನೋಡಿದರು, ಆಮೇಲೆ ಬೆಳ್ಳಗಾದ ಹಾಸು ನೋಡಿದರು. ‘ಉಸ್ತಾ, ಇದು ಎದ್ದು ಬರುತ್ತಾ?’ ಎಂದು ಕೇಳಿದರು. ಬತ್ತಲೆ ಇದ್ದ ಕಡೆ ವಸಂತಕ್ಕೆ ಸಿಪ್ಪೆ ಏಳಬಹುದು, ಅವನು ಮಲಗಿದ ಕಡೆ ಏಳುವುದಿಲ್ಲ, ಅಲ್ಲಿ ಹೊದಿಕೆ ಸರಿಯಾಗಿದೆ ಎಂದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದು, ‘ನೋಡಿ, ಭಾನುವಾರ ಮದುವೆ ಇದೆ. ಯಾರೋ ದಾರಿಹೋಕ, ರಾತ್ರಿ ನುಗ್ಗಿದ್ದಾನೆ. ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಸತ್ತವನ ಹೆಸರು ಕಟ್ಕೊಂಡು ಏನಾಗ್ಬೇಕು ಹೇಳಿ’ ಎಂದರು. ತೋಳು ಬಿಡಿ ಎಂದೆ.

8.05ಕ್ಕೆ ಪೊಲೀಸರು ಬಂದರು. ಹಿಕ್ಮೆತ್ ಬೇ, ಈ ಮುಖ ಕಂಡೇ ಇಲ್ಲ ಎಂದರು. ಪೆರಿಹಾನಳನ್ನು ಕೇಳಿದಾಗ ಅವಳು ತಲೆವಸ್ತ್ರದ ತುದಿಯನ್ನು ಬಾಯಿಗೆ ಹಿಡಿದು, ‘ನಾನು ಒಳಗಿರೋಳು, ಹೊರಗೆ ಯಾರ್ಯಾರು ಬರ್ತಾರೋ ನಂಗೇನ್ ಗೊತ್ತು’ ಎಂದಳು. ‘ಮೂರು ಬಟ್ಟಲು ಸೂಪು ಯಾರಿಗೆ ಕೊಟ್ಟೆ?’ ಎಂದು ಕೇಳಿದೆ. ‘ಉಸ್ತಾ, ನಂಗೂ ಮಕ್ಕಳಿವೆ’ ಎಂದು ಒಳಗೆ ಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇದನ್ನೂ ಬರೆಯಿರಿ. ಜೇಬಿನಲ್ಲಿ ಅರ್ಧ ರೊಟ್ಟಿ, ಎರಡು ಸಕ್ಕರೆ ಗಟ್ಟಿ ಸಿಕ್ಕವು. ಫೋನಿರಲಿಲ್ಲ. ಕಾಗದವೂ ಇರಲಿಲ್ಲ. ಜೊತೆಗಿದ್ದ ಎಂಟು ಮಂದಿ ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ಠಾಣೆಗೆ ಬಂದು ನಾನು ಕೇಳಿದ್ದು ಒಂದೇ ಮಾತು, ಅವನ ಗೋರಿಗೆ ಹೆಸರು ಹಾಕಿ ಎಂದು. ಅಧಿಕಾರಿ ಸಮಾಧಾನದಿಂದಲೇ ಹೇಳಿದರು: ಪಾಸ್‌ಪೋರ್ಟ್ ಬೇಕು, ಇಲ್ಲವೇ ರಕ್ತಸಂಬಂಧಿ ಬಂದು ಗುರುತಿಸಬೇಕು. ಇಲ್ಲದಿದ್ದರೆ ಹದಿನೈದು ದಿನ ಶವಾಗಾರದಲ್ಲಿಟ್ಟು, ದಿಕ್ಕಿಲ್ಲದವರ ಸ್ಮಶಾನದಲ್ಲಿ ಹೂತು ಹಲಗೆಗೆ ನಂಬರ್ ಬರೆಯುತ್ತಾರೆ. ಒಬ್ಬ ಮೇಸ್ತ್ರಿಯ ಬಾಯಿಮಾತಿನ ಮೇಲೆ ಹೆಸರು ಬರೆಯಲು ಬರುವುದಿಲ್ಲ. ಒಗುಲ್‌ಬಿಬಿಗೆ ತಿಳಿಸಿ ಎಂದೆ. ‘ತಾತ, ಅಂದ್‌ಖೋಯ್‌ನಲ್ಲಿ ಆ ಹೆಸರಿನವರು ಎಷ್ಟು ಜನ ಇರ್ತಾರೆ? ಅವನ ಅಪ್ಪನ ಹೆಸರಾದ್ರೂ ಹೇಳಿ’ ಎಂದರು. ನನಗೆ ಗೊತ್ತಿಲ್ಲ. ಮೂರು ವಾರ ಜೊತೆಗೆ ಕೆಲಸ ಮಾಡಿದ್ದೇನೆ, ಅಪ್ಪನ ಹೆಸರು ಕೇಳಿಲ್ಲ.

ಉಳಿದರ್ಧ ಹಾಸನ್ನು ಸೋಮವಾರ ಹಾಕಲು ಹಿಕ್ಮೆತ್ ಬೇ ಬೇರೆ ಮೇಸ್ತ್ರಿಯನ್ನು ಕರೆದಿದ್ದಾರೆಂದು ಮಧ್ಯಾಹ್ನ ತಿಳಿಯಿತು. ಮೊದಲ ಚಳಿಗಾಲ ಹೊಸ ಹಾಸಿನ ಮೇಲೆ ಹಿಮ ಕರಗಲೆಂದು ಉಪ್ಪು ಎರಚಬಾರದು, ಸಿಪ್ಪೆ ಏಳುತ್ತದೆ, ಮರಳೇ ಹಾಕಬೇಕು ಎಂದು ಅವರಿಗೆ ಹೇಳಿದ್ದೆ. ಎರಚುತ್ತಾರೆ.

ಈ ಹೇಳಿಕೆಯನ್ನು ಪೇದೆ ಎರಡು ಸಲ ಓದಿ ಹೇಳಿದ್ದಾನೆ. ಹೊತ್ತು, ದೂರ, ಯಾರು ಏನೆಂದರು ಎಂಬುದು ನಾನು ಹೇಳಿದಂತೆಯೇ ಇದೆ, ಅದರಲ್ಲಿ ಸುಳ್ಳಿಲ್ಲ. ಮೇಲೆ ‘ವಿಷಯ’ ಎಂಬಲ್ಲಿ ‘ಅಪರಿಚಿತ’ ಎಂದು ಒಂದು ಪದವಿದೆ. ಅದನ್ನು ಹೊಡೆದುಹಾಕಿ ಎಂದು ಕೇಳಿದೆ. ಆ ಸಾಲು ಬದಲಾಯಿಸಲು ಬರುವುದಿಲ್ಲ ಎಂದರು. ಆ ಒಂದು ಪದ ಬಿಟ್ಟು ಉಳಿದದ್ದೆಲ್ಲ ನಿಜವೆಂದು ಸಹಿ ಮಾಡಿದ್ದೇನೆ.

ಸ್ಥಳ: ಎರ್ಜುರುಮ್
ದಿನಾಂಕ: 22 ನವೆಂಬರ್ 2024, ಶುಕ್ರವಾರ, ಮಧ್ಯಾಹ್ನ 3.20

(ಸಹಿ) ನುಸ್ರೆತ್ ತಾಷ್‌ಕೆಸೆನ್
ಬಾಯ್‌ಮುರಾದನನ್ನು ಬಲ್ಲವನು