ಲಾಂಬ್ರೋಸ್ ಮುಚ್ಚಿಸಿದ ಬಾವಿ

ದೀಪ ಸ್ವಲ್ಪ ಸಣ್ಣ ಮಾಡಿ... ಇದು ನಮ್ಮ ಚಿಕ್ಕಪ್ಪನ ಮಗ ಸ್ಟಾಥಿಸ್‌ಗೆ ಆಗಿದ್ದು. ಇಲ್ಲೇ, ಥೀವಾ ಊರಿನ ಆಚೆ.

ಆಲಿವ್ ಗಾಣದಿಂದ ಕತ್ತಲಲ್ಲಿ ಮನೆಗೆ ಬರ್ತಿದ್ದ. ದಾರೀಲಿ ಪಾಳುಬಾವಿ. ಪಕ್ಕದಲ್ಲಿ ಫೋಟಿಸ್ ಬಿದ್ದಿದ್ದ. ಗಾಣದ ಯಜಮಾನ ಲಾಂಬ್ರೋಸ್‌ನ ಯಂತ್ರದಾಳು ಅವನು, ಮನುಷ್ಯನಲ್ಲ. ನೋಡೋಕೆ ನಮ್ಮ ಹಾಗೇ, ಚರ್ಮ, ಉಗುರು ಎಲ್ಲಾ. ಕೂಲಿಯವನೊಬ್ಬನಿಗೆ ಹೊಡಿ ಅಂದ್ರೆ ಹೊಡೀಲಿಲ್ಲ. ಲಾಂಬ್ರೋಸ್ ಅವನನ್ನ ಸುತ್ತಿಗೇಲಿ ಜಜ್ಜಿಸಿ ಅಲ್ಲಿ ಎಸೆಸಿದ್ದ. ಯಾರೂ ಮಣ್ಣು ಮಾಡಬಾರದು, ಮಿಕ್ಕ ಯಂತ್ರಗಳು ನೋಡ್ಲಿ ಅಂತ.

ಪರ್... ಪರ್... ಮಣ್ಣು ಕೆರೆಯೋ ಸದ್ದು. ಆಮೇಲೆ ತಗಡಿನ ಮೇಲೆ ಹರಳು ಬಿದ್ದ ಹಾಗೆ, ಟಿಣ್.

ಲೆನಿಯೋ ಕೂತಿದ್ದಳು. ಫೋಟಿಸ್ ಜೊತೆಗೇ ಮಾಡಿದ ಯಂತ್ರ. ಅವನ ತಂಗಿ ಅಂತಲೇ ಎಲ್ಲರೂ ಕರೀತಿದ್ರು. ಅವನ ಕೂದಲು ಆಗಲೇ ನೀರು ಹಚ್ಚಿ, ನೆಟ್ಟಗೆ ಬೈತಲೆ ತೆಗೆದು ಬಾಚಿದ್ದಳು.

"ಏನೇ ಮಾಡ್ತಿದ್ದೀಯ?" ಸ್ಟಾಥಿಸ್ ಪಿಸುಗುಟ್ಟಿದ.

"ಅಣ್ಣನ್ನ ಮಣ್ಣು ಮಾಡ್ತಿದ್ದೀನಿ."

"ಯಜಮಾನ್ರಿಗೆ ಗೊತ್ತಾದ್ರೆ?"

"ನೀನು ಹೇಳಿದ್ರೆ ತಾನೆ?"

ಸ್ಟಾಥಿಸ್ ಹೋಗಿ ಯಜಮಾನನಿಗೆ ಹೇಳಿಬಿಟ್ಟ.

ಮಾರನೇ ದಿನ ಲಾಂಬ್ರೋಸ್ ಅವಳನ್ನ ಅದೇ ಬಾವಿಗೆ ಇಳಿಸಿದ. ಅವನ ಮಗ ಆರ್ಗಿರಿಸ್‌ಗೆ ಅವಳಂದ್ರೆ ಪ್ರಾಣ. ಅಪ್ಪನ ಕಾಲು ಹಿಡ್ಕೊಂಡು ಬೇಡಿದ.

"ನಾಳೆ ಟ್ರ್ಯಾಕ್ಟರ್‌ನೂ ಮದುವೆ ಆಗ್ತೀನಿ ಅಂತೀಯೇನೋ?" ಅಂದ ಅಪ್ಪ. ಆಳುಗಳೆಲ್ಲ ನಕ್ಕರು. ಹುಡುಗ ಎದ್ದು ಹೋದ.

ಮರುದಿನ ಬೆಳಗ್ಗೆ ಬಾವಿ ಮೇಲೆ ಚಪ್ಪಡಿ ಎಳೀತಿದ್ರು. ಒಳಗಿಂದ ದನಿ ಬಂತು... "ಅಪ್ಪಾ, ನಾನು. ಹಗ್ಗ ಕಿತ್ತೋಯ್ತು. ಕಾಲು ಮುರಿದಿದೆ."

ಸ್ಟಾಥಿಸ್ ಕೈ ನಿಂತುಬಿಡ್ತು. "ಯಜಮಾನ್ರೆ... ಆರ್ಗಿರಿಸ್ ದನಿ."

"ಆ ಯಂತ್ರ ಯಾರ ದನೀಲಿ ಬೇಕಾದ್ರೂ ಮಾತಾಡುತ್ತೆ. ಸತ್ತ ನಮ್ಮಮ್ಮನ ದನೀಲಿ ನಂಗೇ ಲಾಲಿ ಹಾಡಿತ್ತು. ಮುಚ್ಚು."

"ಅಪ್ಪಾ..."

ಲಾಂಬ್ರೋಸ್ ತಾನೇ ಹೆಗಲು ಕೊಟ್ಟು ತಳ್ಳಿದ. ಗರ್ರ್... ಅಂತ ಚಪ್ಪಡಿ ಕೂತಿತು. ಸುತ್ತ ಗಾರೆ ಮೆತ್ತಿಸಿದ. ಕೆಳಗಿಂದ ಧಬ್... ಧಬ್... ಅವನು ಅದರ ಮೇಲೇ ಕೂತು ರೊಟ್ಟಿ, ಚೀಸ್ ತಿಂದ.

ಆ ರಾತ್ರಿ ಮಗ ಊಟಕ್ಕೆ ಬರಲಿಲ್ಲ. ಹಾಸಿಗೆ ಮಡಿಸಿದ ಹಾಗೇ ಇತ್ತು. ಪೇಟೇಲೂ ಇಲ್ಲ, ಗೆಳೆಯರ ಮನೇಲೂ ಇಲ್ಲ. ಮೂರನೇ ದಿನ ಲಾಂಬ್ರೋಸ್ ನಮ್ಮ ಬಾಗಿಲಿಗೆ ಬಂದು, "ಸ್ಟಾಥಿಸ್, ಹಾರೆ ತಗೋ" ಅಂದ. ನಾನೂ ಜೊತೆಗೆ ಹೋದೆ.

ಗಾರೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಒಡೆದು, ಸ್ಟಾಥಿಸ್ ಇಳಿದ. ಆರ್ಗಿರಿಸ್ ಸತ್ತಿದ್ದ. ಲೆನಿಯೋ ಇರಲಿಲ್ಲ. ಗೋಡೆ ಸುತ್ತ ಕೈಯಾಡಿಸಿದ... ಇಲಿ ಹೋಗೋ ಸಂದೂ ಇಲ್ಲ.

ಹೆಣ ಮೇಲೆಳೆದವನು ನಾನು, ಹಗ್ಗ ಇದೇ ಕೈಲಿತ್ತು. ಸುಳ್ಳು ಹೇಳಿ ನನಗೇನಾಗಬೇಕು? ಹುಡುಗನ ತಲೆಗೂದಲು ಆಗತಾನೆ ನೀರು ಹಚ್ಚಿ ಬಾಚಿದ ಹಾಗಿತ್ತು. ಬೈತಲೆ ನೆಟ್ಟಗಿತ್ತು.